ಅವ್ವ ಒರೆಸಿದ ಕುರ್ಚಿ

ಗೆಳೆಯರೇ, ನಮ್ಮೂರಾಗ ಧೂಳೇ ಇಲ್ಲಂತ ಇವತ್ತು ಗೊತ್ತಾತು.

ಮುಂಜಾನೆ ಸಿಮೆಂಟ್ ಫ್ಯಾಕ್ಟರಿಯ ಪ್ರಚಾರದವರು ಕ್ಯಾಮೆರಾ ತಗೊಂಡು ನಮ್ಮ ಮನಿಗೆ ಬಂದ್ರು. ಮೊದಲು ಟ್ಯಾಂಕರ್ ತರಿಸಿ ಅಂಗಳದಾಗಿನ ಬೇವಿನ ಗಿಡ ತೊಳಿಸಿದ್ರು. ಬೂದಿ ಬಣ್ಣದ ಗಿಡ ಹಸರಾತು. ಆಮ್ಯಾಲ ಅವರ ಸಾಹೇಬ ನಮ್ಮವ್ವಗ, "ಅಮ್ಮಾ, ಇಲ್ಲಿ ಧೂಳಿಲ್ಲ, ಗಾಳಿ ಸ್ವಚ್ಛವಾಗಿದೆ ಅಂತ ಹೇಳಿ" ಅಂದ. ನನ್ನ ತಮ್ಮನ ಕೆಲಸ ಅದೇ ಫ್ಯಾಕ್ಟರಿಯಾಗ. ಅವ್ವ ಹೂಂ ಅಂದಳು.

"ಧೂಳ ಇಲ್ರಿ, ಗಾಳಿ ಭಾಳ ಛಲೋ ಅದರಿ" ಅಂತ ಕ್ಯಾಮೆರಾ ಮುಂದ ಹೇಳಿದಳು. ಹೇಳ್ತಾ ಹೇಳ್ತಾ ರೂಢಿ ಪ್ರಕಾರ ಸೆರಗಿಲೆ ಕುರ್ಚಿ ಒರೆಸಿ, "ಕುಂದ್ರಿ ಸಾಹೇಬ್ರ" ಅಂದಳು. ಸೆರಗೆಲ್ಲ ಬೂದಿ ಬಣ್ಣ ಆತು.

"ಅಮ್ಮಾ, ಒರೆಸಬೇಡಿ. ಇನ್ನೊಮ್ಮೆ ಹೇಳಿ."

ಇನ್ನೊಮ್ಮೆ ಹೇಳಿದಳು, ಇನ್ನೊಮ್ಮೆ ಒರೆಸಿದಳು. "ಒರೆಸಲಾರದ ಕುರ್ಚಿ ಮ್ಯಾಲ ಬಂದ ಮಂದಿಗಿ ಹ್ಯಾಂಗ ಕುಂದ್ರಸಲ್ರಿ?"

ಕಡೀಕ ಕುರ್ಚಿನೇ ತೆಗಿಸಿದ್ರು.

ಸಂಜೀಕ ವಿಡಿಯೊ ಊರ ಗ್ರೂಪಿನಾಗ ಬಂತು. ಧೂಳಿಗಿ ಅಂಜಿ ವರ್ಷಪೂರ್ತಿ ಕಿಟಕಿ ಮುಚ್ಚಿಕೊಂಡು ಕುಂದ್ರೋ ಬಾಜೂ ಮನಿ ಕಾಕಾ ಕೆಳಗ ಬರದಾರ: "ಖರೇ ಅದ. ನಮ್ಮೂರ ಗಾಳಿ ನಂಬರ್ ಒನ್."

ಅದನ್ನ ಓದಲಿಕ್ಕೆ ನಾನು ಮೊದಲು ಮೊಬೈಲ್ ಒರೆಸಬೇಕಾತು.