ಹತ್ತರ ಗೆರೆಯ ಮೇಲೆ

ಕೆಮ್ಮಿನ ಔಷಧಿ ಮುಗಿದು ವರ್ಷಗಳಾದರೂ ಅದರ ಬಾಟಲಿಯ ಮೇಲಿದ್ದ ಅಳತೆಯ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಕತಾರಿನ ಅಲ್ ಮನ್ಸೂರಾದ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ನಡುವೆ ಹಾಯಾಗಿ ಬಿದ್ದುಕೊಂಡಿದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಎರಡೂವರೆ, ಐದು, ಹತ್ತು ಎಂದು ಮೂರೇ ಗೆರೆ.

ಬಂಟ್ವಾಳದ ನನ್ನ ತವರುಮನೆಯಲ್ಲಿ ಇಂಥದೇ ಒಂದು ಮುಚ್ಚಳ ಸಂವಿಧಾನವಾಗಿತ್ತು. ಕ್ರಿಸ್ಮಸ್ಸಿಗೆಂದು ಅಮ್ಮ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಿದ್ದಳು; ಅದಕ್ಕಾಗಿ ಅಬಕಾರಿ ಇಲಾಖೆಯ ಅಪ್ಪಣೆ ಕೇಳಿದವಳಲ್ಲ. ಹಬ್ಬದ ಊಟಕ್ಕೆ ಮೊದಲು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಚರ್ಚಿನಲ್ಲಿ ಮೊದಲ ಪರಮಪ್ರಸಾದ ಆಗದ ಚಿಕ್ಕವರಿಗೆ ಎರಡೂವರೆ, ಎಸ್ಸೆಸ್ಸೆಲ್ಸಿ ಮುಗಿಯದವರಿಗೆ ಐದು, ಆಮೇಲಿನವರಿಗೆ ಹತ್ತು ಎಂದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅಳೆದು ಕುಡಿಸುತ್ತಿದ್ದಳು. ಹತ್ತರ ಮೇಲೆ ಗೆರೆಯೇ ಇರಲಿಲ್ಲವಾದ್ದರಿಂದ ಅಲ್ಲಿಗೆ ಅಮ್ಮನ ಕಾನೂನೂ ಮುಗಿಯುತ್ತಿತ್ತು.

ದೊಡ್ಡವರ ಕಾನೂನುಗಳಿಗೆ ಇಷ್ಟು ಸರಳತೆ ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ ಐದು ವರ್ಷ ದಾಟಿದ ಮಗುವಿಗೆ ಮನೆಯೊಳಗೆ ತಂದೆತಾಯಿ ಒಂದು ಗುಟುಕು ಕೊಟ್ಟರೆ ತಪ್ಪಿಲ್ಲವಂತೆ. ನಮ್ಮ ದೇಶದಲ್ಲಿ ಹದಿನೆಂಟಕ್ಕೆ ಸರ್ಕಾರವನ್ನೇ ಆರಿಸಬಹುದು, ಆದರೆ ಲೋಟ ಎತ್ತುವ ವಯಸ್ಸು ರಾಜ್ಯದ ಗಡಿ ದಾಟಿದಂತೆ ಬದಲಾಗುತ್ತದೆ. ಇಲ್ಲಿ ಕತಾರಿನಲ್ಲಿ ಕಂಪನಿಯ ಪತ್ರ ತೋರಿಸಿ ಮದ್ಯದ ಪರ್ಮಿಟ್ ಪಡೆದವರು ತಮ್ಮ ಪಾಲಿನದ್ದನ್ನು ತಂದು ತಾವೇ ಕುಡಿಯಬೇಕು. ಮಕ್ಕಳ ಪಕ್ಕದಲ್ಲಿ ಅಪ್ಪ ಅಮ್ಮ ಕೂತಿದ್ದಾರೆಂಬುದು ಯಾವ ಲೆಕ್ಕಕ್ಕೂ ಇಲ್ಲ. ಇನ್ನು ಹೆಣ್ಣುಮಗಳು ಮದುವೆಯಾಗುವವರೆಗೂ ಅಪ್ಪನ ವೀಸಾದಲ್ಲೇ ಇರಬಹುದಾದ್ದರಿಂದ, ಕಾಗದದ ಮಟ್ಟಿಗೆ ಅವಳು ಬೆಳೆಯುವ ಗೋಜಿಗೇ ಹೋಗಬೇಕಿಲ್ಲ.

ನಮ್ಮ ಒಬ್ಬಳೇ ಮಗಳು ಲವೀಟಾ ಹೀಗೆ ಕ್ರಿಸ್ಮಸ್ಸಿಗೆ ಬರೀ ದ್ರಾಕ್ಷಿ ಶರಬತ್ತು ಕುಡಿದೇ ಹದಿನೇಳು ದಾಟಿದಳು. ಹನ್ನೆರಡನೆಯ ತರಗತಿ ಮುಗಿದು, ಮಂಗಳೂರಿನ ಹಾಸ್ಟೆಲಿಗೆ ಹೊರಡುವ ದಿನ ಹತ್ತಿರವಾದಂತೆ ನನಗೊಂದು ಭಯ ಹತ್ತಿಕೊಂಡಿತು. ಮೂರು ಗೆರೆಗಳಲ್ಲಿ ಒಂದನ್ನೂ ಕಾಣದ ಹುಡುಗಿಗೆ ಮೊದಲ ಲೋಟವನ್ನು ಯಾರೋ ಅಪರಿಚಿತರು ತುಂಬಿಸಿಕೊಟ್ಟರೆ? ಅದರ ಬದಲು ನನ್ನ ಕಣ್ಣೆದುರೇ ಹತ್ತು ಎಂಎಲ್ ಆಗಿಹೋಗಲಿ ಎನಿಸಿತು. ಒಂದು ಶುಕ್ರವಾರ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳೇ ಗಂಡನ ಮುಂದೆ ಈ ಮುಚ್ಚಳ ಇಟ್ಟೆ.

ವಿಲ್ಫ್ರೆಡ್ ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಾಯುವ ಜಾತಿಯವರು. ಮುಚ್ಚಳವನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದರು. "ಪರ್ಮಿಟ್ ಉಂಟು ನನಗೆ, ಅವಳಿಗಲ್ಲ ಮಾರಾಯ್ತಿ. ಈ ದೇಶದಲ್ಲಿ ಇರುವಷ್ಟು ದಿನ ಇಲ್ಲಿಯ ರೂಲ್ಸ್. ಖಲಾಸ್."

ನನಗೆ ಸಿಟ್ಟು ಬಂತು, ಅವರ ಮಾತು ಸರಿಯಾಗಿತ್ತೆಂಬುದಕ್ಕೆ ಇನ್ನಷ್ಟು ಬಂತು. ಅಲ್ಲೇ ಕೂತು ಹಾಸ್ಟೆಲಿಗೆ ಒಯ್ಯುವ ಬಟ್ಟೆ ಮಡಚುತ್ತಿದ್ದ ಲವೀಟಾ ಕೇಳಿದಳು, "ಮಮ್ಮಿ, ನಿಮಗೆ ಹತ್ತರ ಮೇಲೆ ಕೊಟ್ಟದ್ದು ಯಾರು?"

ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಹತ್ತೊಂಬತ್ತರಲ್ಲಿ, ಅಕ್ಕನ ಮದುವೆಯ ಹಿಂದಿನ ದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದ ಗದ್ದಲದಲ್ಲಿ, ಮುಚ್ಚಳದ ಹಂಗಿಲ್ಲದೆ ಲೋಟಗಟ್ಟಲೆ ಕುಡಿದು ಬಚ್ಚಲ ಹಿಂದೆ ವಾಂತಿ ಮಾಡಿಕೊಂಡೆ. ಅಮ್ಮ ಬಂದು ನನ್ನ ಜಡೆಯನ್ನು ಹಿಂದಕ್ಕೆ ಎತ್ತಿ ಹಿಡಿದಳು, ಸೆರಗಿನಿಂದ ಮುಖ ಒರೆಸಿದಳು. ಮರುದಿನ ಗಂಜಿ ಕೊಡುವಾಗ ಚೆನ್ನಾಗಿ ಬೈದಳೇ ಹೊರತು ಅಪ್ಪನಿಗೆ ಹೇಳಲಿಲ್ಲ. ಇಪ್ಪತ್ತು ವರ್ಷ ಯಾರಿಗೂ ಹೇಳದ ಇದನ್ನು ಅಂದು ಗಂಡನೆದುರೇ ಮಗಳಿಗೆ ಹೇಳಿಬಿಟ್ಟೆ.

ಲವೀಟಾ ನಗಲಿಲ್ಲ. "ನನಗೂ ಹಾಗೆ ಏನಾದ್ರೂ ಆದ್ರೆ ಫೋನ್ ಮಾಡಬಹುದಾ? ಎಷ್ಟು ಗಂಟೆಗಾದ್ರೂ?"

ನಾನು ಬಾಯಿ ತೆರೆಯುವ ಮೊದಲೇ ವಿಲ್ಫ್ರೆಡ್ ಹೇಳಿದರು, "ನನಗೆ ಮಾಡು. ಮಮ್ಮಿಗೆ ಗಾಬರಿ ಆಗ್ತದೆ."

ಅವಳು ಹೋಗಿ ನಾಲ್ಕು ತಿಂಗಳಾಯಿತು. ಇವತ್ತು ಡ್ರಾಯರ್ ಒರೆಸುವಾಗ ಮುಚ್ಚಳ ಕೈಗೆ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದರೆ ಹತ್ತರ ಗೆರೆಯ ಮೇಲೆ, ಅಂಚಿನವರೆಗೆ, ಒಂದು ಉಗುರಿನಗಲದ ಖಾಲಿ ಜಾಗವಿದೆ. ಕಾನೂನು ಅಲ್ಲಿಗೆ ಮುಗಿಯಿತೆಂದು ನಾನು ಇಷ್ಟು ದಿನ ತಿಳಿದಿದ್ದೆ. ಅಮ್ಮ ನನ್ನ ಜಡೆ ಹಿಡಿದು ನಿಂತದ್ದು ಆ ಜಾಗದಲ್ಲೇ ಎಂದು ಈಗ ಅನಿಸುತ್ತದೆ. ತೊಳೆದು ಮತ್ತೆ ಚಮಚಗಳ ನಡುವೆ ಇಟ್ಟೆ.

ಅಂಥ ಫೋನ್ ಇನ್ನೂ ಬಂದಿಲ್ಲ. ಆದರೆ ಮಲಗುವಾಗ ಮೊಬೈಲನ್ನು ಆಫ್ ಮಾಡುವ ರೂಲ್ಸನ್ನು ವಿಲ್ಫ್ರೆಡ್ ನಾಲ್ಕು ತಿಂಗಳಿಂದ ಮುರಿಯುತ್ತಿದ್ದಾರೆ.