ಗೇಟ್ ಪಾಸ್ ಇಲ್ಲದ ಸಿಟ್ಟು

ಯಾರಾದರೂ ಅವಮಾನ ಮಾಡಿದರೆ ನನಗೆ ತಕ್ಕ ಉತ್ತರ ಹೊಳೆಯುವುದು ಮೂರನೆಯ ದಿನ, ಅದೂ ದೋಸೆ ಹುಯ್ಯುವಾಗ. ಹೊಳೆದ ಉತ್ತರ ಎಷ್ಟು ಚೆನ್ನಾಗಿರುತ್ತದೆಂದರೆ, ಸೌಟು ಹಿಡಿದುಕೊಂಡೇ ಅದನ್ನು ಕಾವಲಿಗೆ ಹೇಳಿಬಿಡುತ್ತೇನೆ. ಕಾವಲಿ ಚುಯ್ ಅನ್ನುತ್ತದೆ. ಅವಮಾನ ಮಾಡಿದವರು ಅಷ್ಟು ಹೊತ್ತಿಗೆ ಎಲ್ಲ ಮರೆತು ಎಲ್ಲೋ ಹಾಯಾಗಿರುತ್ತಾರೆ.

ಒಂದೇ ಒಂದು ಸಲ ಮಾತ್ರ ಸ್ಥಳದಲ್ಲೇ ಉತ್ತರ ಕೊಟ್ಟಿದ್ದೇನೆ. ಅದರ ಕತೆ ಕೇಳಿದರೆ ದೋಸೆಯ ಹೊತ್ತಿನ ಉತ್ತರವೇ ವಾಸಿ ಅಂತ ನಿಮಗೂ ಅನ್ನಿಸಬಹುದು.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಇನ್ನೂ ಮೆಟ್ರೋ ಬಂದಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ರಾಜಗೋಪಾಲನಗರದಲ್ಲಿ ಅಕ್ಕನ ಮನೆ ಸೇರಿದ್ದೆ. ದೀಪಾವಳಿಯೊಳಗೆ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ತಿಪಟೂರಿಗೆ ವಾಪಸ್ಸು. ಅಲ್ಲಿ ಅಪ್ಪ ನನ್ನ ಜಾತಕವನ್ನು ಹನ್ನೆರಡು ಪ್ರತಿ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡು ಕಾಯುತ್ತಿದ್ದರು. ಏಳು ಕಾರ್ಖಾನೆ ಸುತ್ತಿ ಬರಿಗೈಲಿ ಬಂದಿದ್ದವಳು ಎಂಟನೆಯದಕ್ಕೆ ಹೋದೆ, ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಇನ್‌ಸ್ಪೆಕ್ಟರ್ ಕೆಲಸಕ್ಕೆ.

ಎರಡು ಗಂಟೆ ಕಾಯಿಸಿದ ಮೇಲೆ ಮ್ಯಾನೇಜರು ಕರೆದರು. ಇಡ್ಲಿ ವಡೆ ತಿನ್ನುತ್ತಿದ್ದರು. ಸಾಂಬಾರಿನ ಬಟ್ಟಲ ಕೆಳಗೆ ಒಂದು ಕಾಗದ ಹಾಸಿತ್ತು, ಅದು ನನ್ನ ಅರ್ಜಿ. ನನ್ನ ಹೆಸರಿನ ಮೇಲೆ ಬಟ್ಟಲಿನ ದುಂಡನೆಯ ಗುರುತು ಬಿದ್ದಿತ್ತು.

"ಹೆಣ್ಮಕ್ಳು ಇಲ್ಲಿಗ್ಯಾಕೆ ಬರ್ತೀರಮ್ಮ? ಆಫೀಸಲ್ಲಿ ಟೈಪ್ ಮಾಡ್ಕೊಂಡಿರೋಕೇನು ಕಷ್ಟ?" ಅಂದರು. ಆಮೇಲೆ ಕೈಬೆರಳಿನಷ್ಟು ಉದ್ದದ ಒಂದು ಉಕ್ಕಿನ ಪಿನ್ನು, ದಪ್ಪ ಅಳೆಯುವ ಇಕ್ಕಳದಂಥ ಒಂದು ವರ್ನಿಯರ್ ಡ್ರಾಯರಿನಿಂದ ತೆಗೆದು ನನ್ನ ಕಡೆ ತಳ್ಳಿ, "ದಪ್ಪ ಎಷ್ಟಿದೆ ನೋಡು" ಅಂದರು.

ವರ್ನಿಯರ್ ಹಿಡಿದವರು ಮೊದಲು ಅದರ ಬಾಯಿ ಮುಚ್ಚಿ ನೋಡುತ್ತಾರೆ. ಪೂರ್ತಿ ಮುಚ್ಚಿದಾಗ ಸೊನ್ನೆ ತೋರಿಸಿದರೆ ಅದನ್ನು ನಂಬಬಹುದು. ಇದು ಎಷ್ಟು ಸಲ ಕೆಳಗೆ ಬಿದ್ದಿತ್ತೋ, ಬಾಯಿ ಮುಚ್ಚಿದರೂ ಕಾಲು ಮಿಲಿಮೀಟರ್ ಅಂತ ಸುಳ್ಳು ಹೇಳುತ್ತಿತ್ತು. ಆ ಸುಳ್ಳನ್ನು ಕಳೆದು ಹನ್ನೆರಡು ಮಿಲಿಮೀಟರ್ ಅಂದೆ. ಅವರು ಕೈ ಒರೆಸಿಕೊಂಡು ಅದೇ ವರ್ನಿಯರಿನಲ್ಲಿ ತಾವೂ ಅಳೆದು, ಪಿನ್ನನ್ನು ನನ್ನ ಫೈಲಿನ ಮೇಲೆ ಎಸೆದರು.

"ಹನ್ನೆರಡೂ ಕಾಲು. ಅಳೆಯೋಕೂ ಬರಲ್ಲ, ಬಂದ್ಬಿಟ್ರು ಫೈಲ್ ಹಿಡ್ಕೊಂಡು."

"ಸಾರ್, ಇದಕ್ಕೆ ಝೀರೋ ಎರರ್ ಇದೆ."

"ನಂಗೇ ಪಾಠ ಹೇಳ್ತೀಯಾ? ಇಪ್ಪತ್ತು ವರ್ಷದಿಂದ ಇದೀನಿ ಇಲ್ಲಿ!"

ಆಗ ಹೊರಟಿತು ನೋಡಿ ನನ್ನ ಬಾಯಿಂದ: "ಹಾಗಿದ್ರೆ ವರ್ನಿಯರ್‌ಗಿಂತ ನಿಮಗೇ ಜಾಸ್ತಿ ಎರರ್ ಇದೆ ಸಾರ್!"

ಮೇಜಿನ ಮೇಲೆ ನನ್ನ ಮುಂದಿದ್ದುದನ್ನೆಲ್ಲ ಬಾಚಿ ಬ್ಯಾಗಿಗೆ ತುಂಬಿಕೊಂಡು ಎದ್ದೆ. ಬಾಗಿಲನ್ನು ಧಡಾರನೆ ಹಾಕಬೇಕೆಂದಿದ್ದೆ, ಆದರೆ ಅದಕ್ಕೆ ತಾನೇ ಮುಚ್ಚಿಕೊಳ್ಳುವ ಕೀಲು ಹಾಕಿಸಿದ್ದರು. ಎಷ್ಟು ಜೋರಾಗಿ ಎಳೆದರೂ ಉಸ್ಸೆಂದು ನಿಧಾನವಾಗಿ, ಬಹಳ ಮರ್ಯಾದೆಯಿಂದ ಮುಚ್ಚಿಕೊಂಡಿತು. ಹೋಗಲಿ, ಮಾತಾದರೂ ಆಡಿದೆನಲ್ಲ ಎಂದು ಎದೆಯುಬ್ಬಿಸಿಕೊಂಡು ಮೆಟ್ಟಿಲಿಳಿದೆ.

ನಮ್ಮ ಪುರಾಣಗಳಲ್ಲಿ, ಹಳೆಯ ಕತೆಗಳಲ್ಲಿ, ತುಂಬಿದ ಸಭೆಯಲ್ಲಿ ಅವಮಾನವಾದವರು ಅಲ್ಲೇ ಮುಡಿಯನ್ನೋ ಜುಟ್ಟನ್ನೋ ಬಿಚ್ಚಿ ಶಪಥ ಮಾಡಿ ಹೊರಟುಬಿಡುತ್ತಾರೆ. ನಾನು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಹೋಗಿದ್ದೆ. ಬಿಚ್ಚಿದ್ದರೆ ಬಸ್ಸಿನಲ್ಲಿ ಕಷ್ಟವಾಗುತ್ತಿತ್ತು. ಆದರೆ ನನಗೂ ಅವರಿಗೂ ಇರುವ ನಿಜವಾದ ವ್ಯತ್ಯಾಸ ಅದಲ್ಲ. ಅರಮನೆಯ ಬಾಗಿಲಲ್ಲಿ ಅವರ ಚೀಲವನ್ನು ಯಾರೂ ತಪಾಸಣೆ ಮಾಡಲಿಲ್ಲ.

ಪೀಣ್ಯದಲ್ಲಿ ಮಾಡುತ್ತಾರೆ. ಗೇಟಿನಲ್ಲಿದ್ದ ಗದಗಿನ ಕಡೆಯ ಹಿರಿಯ ಸೆಕ್ಯುರಿಟಿ ನನ್ನ ಬ್ಯಾಗಿಗೆ ಕೈಹಾಕಿ ಉಕ್ಕಿನ ಪಿನ್ನನ್ನು ಹೊರಗೆ ತೆಗೆದರು. ಸಿಟ್ಟಿನ ಭರದಲ್ಲಿ ಅದನ್ನೂ ತುಂಬಿಕೊಂಡು ಬಂದಿದ್ದೆ!

"ತಂಗೆವ್ವ, ಇದು ಕಂಪನಿ ಮಾಲ್ ಅದ. ಗೇಟ್ ಪಾಸ್ ಇಲ್ದ ಬಿಡಾಕ ಬರಂಗಿಲ್ಲ."

"ನೀವೇ ಇಟ್ಕೊಂಡು ಕೊಟ್ಬಿಡಿ ಅಣ್ಣ, ನಾನು ಮತ್ತೆ ಮೇಲೆ ಹೋಗಲ್ಲ."

"ನಾ ಇಸ್ಕೊಂಡ್ರ ನನ್ನ ಮ್ಯಾಲ ಬರ್ತದ. ಯಾರು ಕೊಟ್ರೋ ಅವ್ರ ಕೈಯಾಗ ಕೊಟ್ಟು ಬಾ."

ನಾಚಿಕೆಗೆ ಅಳು ಬಂತು. ಅವರು ತಮ್ಮ ಸ್ಟೂಲು ಬಿಟ್ಟುಕೊಟ್ಟು ಬಾಟಲಿಯಲ್ಲಿ ನೀರು ಕೊಟ್ಟರು. ನಡೆದುದನ್ನೆಲ್ಲ ಹೇಳಿದೆ. ಬಾಗಿಲು ಉಸ್ಸೆಂದದ್ದನ್ನು ಹೇಳುವ ಹೊತ್ತಿಗೆ ಅವರು ಟೋಪಿ ತೆಗೆದು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನೋಡುತ್ತ ನೋಡುತ್ತ ನನಗೂ ನಗು ಬಂತು. ಆ ವಾರವೆಲ್ಲ ನಾನು ಅಷ್ಟು ನಕ್ಕಿರಲಿಲ್ಲ.

ಈಗ ಇಂಟರ್‌ನೆಟ್ಟಿನಲ್ಲಿ ಇದಕ್ಕೆಲ್ಲ ಸಲಹೆ ಸಿಗುತ್ತದಂತೆ. ಸಂದರ್ಶಕರು ಒರಟಾಗಿ ನಡೆದುಕೊಂಡರೆ ಆಳವಾಗಿ ಉಸಿರೆಳೆದುಕೊಳ್ಳಿ, ವಿನಯವಾಗಿ ಪತ್ರ ಬರೆಯಿರಿ ಅಂತ. ಬರೆದವರು ಪೀಣ್ಯ ಎರಡನೇ ಹಂತಕ್ಕೆ ಬಂದವರಲ್ಲ. ಅಲ್ಲಿ ಆಳವಾಗಿ ಉಸಿರೆಳೆದರೆ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪಿನ ಆಸಿಡ್ ವಾಸನೆ ಕುಡಿದು, ಪತ್ರ ಬರೆಯಲು ಯಾರೂ ಉಳಿಯುವುದಿಲ್ಲ. ನನ್ನ ಸಲಹೆ ಕೇಳಿದರೆ, ಮೊದಲು ಯಾರ ಜೊತೆಯಾದರೂ ಕೂತು ನಕ್ಕುಬಿಡಿ. ನಕ್ಕ ಮೇಲೆ ಮನುಷ್ಯರು ತಮ್ಮ ನಿಜವಾದ ಅಳತೆಯಲ್ಲಿ ಕಾಣಿಸುತ್ತಾರೆ, ನಾವೂ ಸೇರಿ.

ಮತ್ತೆ ಮೆಟ್ಟಿಲು ಹತ್ತಿದೆ. ಈ ಸಲ ಸಿಟ್ಟು ಇರಲಿಲ್ಲ. ಪಿನ್ನನ್ನು ಮೇಜಿನ ಮೇಲಿಟ್ಟು, "ತಪ್ಪಾಗಿ ತಗೊಂಡು ಹೋಗಿದ್ದೆ ಸಾರ್. ನಾನು ಆಡಿದ ಮಾತೂ ತಪ್ಪೇ. ಆದ್ರೆ ಬೇರೆ ವರ್ನಿಯರ್ ತರಿಸಿ ಒಂದ್ಸಲ ಅಳೆದು ನೋಡಿ" ಅಂದೆ.

ಏನನ್ನಿಸಿತೋ, ತರಿಸಿದರು. ಅಳೆದರು. ಹನ್ನೆರಡೇ ಇತ್ತು. ಹಳೆಯ ವರ್ನಿಯರನ್ನು ಮತ್ತೆ ಅದೇ ಡ್ರಾಯರಿಗೆ ಹಾಕಿಕೊಂಡರು.

"ಸೋಮವಾರದಿಂದ ಬಾ. ಬಾಯಿ ಮಾತ್ರ ಮನೇಲಿಟ್ಟು ಬಾ" ಅಂದರು.

ಕೆಲಸ! ದೀಪಾವಳಿಗೆ ಹದಿನೆಂಟು ದಿನವಿತ್ತು. ಜಾತಕದ ಹನ್ನೆರಡು ಪ್ರತಿಗಳು ಕಣ್ಣ ಮುಂದೆ ಬಂದವು. ಹ್ಞೂಂ ಅನ್ನಲು ಬಾಯಿ ತೆರೆದೆ. ಆದರೆ ಅವರು ಮನೆಯಲ್ಲಿಟ್ಟು ಬಾ ಅಂದದ್ದು ಅದೇ ಬಾಯಿಯನ್ನು ಅಲ್ಲವೇ? ಸುಳ್ಳು ಹೇಳುವ ವರ್ನಿಯರ್ ಡ್ರಾಯರಿನಲ್ಲಿ ಭದ್ರವಾಗಿ ಇರಬಹುದು, ಅದನ್ನು ಸುಳ್ಳು ಅನ್ನುವವಳು ಮಾತ್ರ ಇರಬಾರದು. ಅಳೆಯುವ ಕೆಲಸದಲ್ಲಿ ಬಾಯಿ ಮನೆಯಲ್ಲಿಟ್ಟು ಬಂದವಳು ಏನು ಅಳೆದಾಳು?

ಏಳೂ ಕಾರ್ಖಾನೆಯವರು ನನ್ನನ್ನು ಸಾಗಹಾಕುವಾಗ ಹೇಳಿದ್ದ ಮಾತು, ಯಾವ ದೋಸೆಯ ಸಹಾಯವೂ ಇಲ್ಲದೆ, ಅಷ್ಟೇ ನಯವಾಗಿ ನನ್ನ ಬಾಯಿಂದ ಬಂತು.

"ಯೋಚ್ನೆ ಮಾಡಿ ತಿಳಿಸ್ತೀನಿ ಸಾರ್."

ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ದಿನ, ಎರಡು ಬೀದಿಯಾಚೆಯ ಒಂಬತ್ತನೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಹದಿಮೂರು ವರ್ಷ ಅಳೆದೆ, ಬಾಯಿ ಸಮೇತ. ಆ ಮ್ಯಾನೇಜರಿಗೆ ಮಾತ್ರ ಇನ್ನೂ ತಿಳಿಸಿಲ್ಲ. ಯೋಚಿಸುತ್ತಿದ್ದೇನೆ.