ಅರೆತಲೆನೋವಿನ ಚೌಕಾಸಿ

ಹುಬ್ಬಳ್ಳಿಯ ಲ್ಯಾಬಿನವರು ಹತ್ತೊಂಬತ್ತು ಸಾವಿರ ಹೇಳಿದ್ದರು, ಹನ್ನೆರಡಕ್ಕೆ ಇಳಿಸಿದೆ. ನನ್ನ ರಕ್ತದಲ್ಲಿ ಅರೆತಲೆನೋವಿನ ಗುರುತು ಹಿಡಿದು, ನನಗೊಬ್ಬನಿಗೇ ಹೊಂದುವ ಔಷಧಿ ಯಾವುದೆಂದು ತಿಳಿಸುವ ಬಯೋಮಾರ್ಕರ್ ಪರೀಕ್ಷೆಯ ದರ ಅದು. ಇಳಿಸಿದ ಹಿಗ್ಗಿನಲ್ಲಿ ಹುಬ್ಬಳ್ಳಿಯಿಂದ ಕೊಪ್ಪಳದವರೆಗೂ ತಲೆ ನೋಯಲಿಲ್ಲ.

ಅಷ್ಟು ಸುಲಭವಾಗಿ ನಂಬಿದ್ದಕ್ಕೆ ಕಾರಣ ನನ್ನ ಕಸುಬು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನ್ನದು ಕೂದಲಿನ ವ್ಯಾಪಾರ. ಮೂಟೆಯಿಂದ ಒಂದು ಎಳೆ ಜಗ್ಗಿ, ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದರೆ ಮೂಟೆಯ ಯೋಗ್ಯತೆ ಹೇಳಬಲ್ಲೆ. ಹಾಗಿರುವಾಗ ಒಂದು ಸೀಸೆ ರಕ್ತ ಒಂದು ತಲೆಯ ಸುದ್ದಿ ಹೇಳದೇ? ಆದರೆ ಊರವರ ತಲೆಗೂದಲಿನಿಂದ ಬದುಕು ಕಟ್ಟಿಕೊಂಡವನಿಗೆ ಸ್ವಂತ ತಲೆಯೇ ತಿರುಗಿಬಿದ್ದಿದೆ. ನೋವು ಏಳುವ ಮುಂಚೆ ಕಣ್ಣೆದುರು ಅಂಕುಡೊಂಕಾದ ಬೆಳಕು ಕುಣಿಯುತ್ತದೆ. ಕಪ್ಪು ಕೂದಲೂ ಕಂದು ಕೂದಲೂ ಒಂದೇ ಆಗುತ್ತವೆ. ಬಣ್ಣ ತಿಳಿಯದ ಕೂದಲು ವ್ಯಾಪಾರಿಯ ಅಂಗಡಿ ಎಷ್ಟು ದಿನ ನಡೆದೀತು?

ಕೊಪ್ಪಳದ ನರರೋಗದ ಡಾಕ್ಟರು ವರದಿಯನ್ನು ತಿರುವಿ ಬದಿಗಿಟ್ಟರು. “ಇಂಥಾ ಗುರುತು ವಿಜ್ಞಾನಿಗಳು ಇನ್ನೂ ಹುಡುಕ್ಲಿಕ್ಕೆ ಹತ್ಯಾರ್ರಿ. ನೋವಿನಾಗ ಏರೋ ಒಂದೆರಡು ಅಂಶ ಸಿಕ್ಕಾವ. ಆದ್ರ ನಿಮಗ ಇದೇ ಗುಳಿಗಿ ಅಂತ ಬೆರಳಿಟ್ಟು ತೋರ್ಸೋ ಗುರುತು ಇನ್ನೂ ಇಲ್ಲ. ತಿಂಗಳಿಗೆ ಎಷ್ಟು ದಿನ ನೋವು, ಅದನ್ನ ಹೇಳ್ರಿ.”

ಕೊಳ್ಳುವವನು ಬೇಕೇಬೇಕೆಂಬ ಗರಜು ತೋರಿಸಿದರೆ ದರ ಏರುತ್ತದೆ. ಅಂಗಡಿಯ ಚಟ ಬಾಯಿಗೆ ಬಂತು. “ಎರಡ್ಮೂರು ದಿನ. ಅಷ್ಟೇನಿಲ್ರಿ.” ಹಿಂದಿನ ಡಾಕ್ಟರರಿಗೂ ಹೀಗೇ ಇಳಿಸಿ ಹೇಳಿ, ಬರೀ ನೋವಿನ ಗುಳಿಗೆ ಬರೆಸಿಕೊಂಡು ಬಂದಿದ್ದೆ.

ಪಕ್ಕದಲ್ಲಿದ್ದ ಹೆಂಡತಿ ಶಾಂತವ್ವ ತಡೆದುಕೊಳ್ಳಲಿಲ್ಲ. “ಎಲ್ಲೀ ಎರಡ್ಮೂರ್ರಿ ಸಾಹೇಬ್ರ! ವಾರದಾಗ ಮೂರು ದಿನ ಕಣ್ಣಿಗೆ ವಲ್ಲಿ ಕಟಗೊಂಡು ಬಿದ್ದಿರ್ತಾರ. ನಾ ರೊಟ್ಟಿ ಬಡದ್ರ ಇವರ ತಲಿ ಮ್ಯಾಲೇ ಬಡದಂಗ ಆಗತೈತಂತ. ಹಿಟ್ಟು ತಗೊಂಡು ಬಾಜೂ ಮನಿಗೆ ಹೋಗಿ ಬಡಕೊಂಡು ಬರ್ತೀನ್ರಿ!”

ಡಾಕ್ಟರು ನನ್ನದನ್ನು ಬಿಟ್ಟು ಅವಳ ಮಾತು ಬರೆದುಕೊಂಡರು. “ದಿನಾ ತಗೊಳ್ಳೋ ಗುಳಿಗಿ ಕೊಡ್ತೀನಿ. ಎರಡು ತಿಂಗಳು ನೋಡೋಣ. ಹತ್ತದಿದ್ರ ಬ್ಯಾರೇದು.”

ಹತ್ತಲಿಲ್ಲ. ಎರಡನೆಯದೂ ಹತ್ತಲಿಲ್ಲ. ಈಗ ಮೂರನೆಯದು ನಡೆದಿದೆ. ನನಗೆಂದೇ ಇರುವ ಚಿಕಿತ್ಸೆ ಸದ್ಯಕ್ಕೆ ಇಷ್ಟೇ: ಒಂದೊಂದನ್ನೇ ನುಂಗಿ ಸೋಲುವುದು. ಬಣ್ಣ ನೋಡಲು ಶಾಂತವ್ವನನ್ನು ಅಂಗಡಿಯಲ್ಲಿ ಕೂಡಿಸಿದ್ದೇನೆ. ನನ್ನ ಕಣ್ಣು ನನಗೆ ಮರಳಿ ಸಿಗುವ ಆಸೆ ಕಡಿಮೆಯಾಗುತ್ತಿದೆ.

ಆದರೂ ಸಲಹೆ ಕೊಡದೆ ನನಗೆ ಊಟ ಸೇರದು. ಯಾರಾದರೂ ಪರೀಕ್ಷೆ ಮಾರಲು ಬಂದರೆ, ದರಕ್ಕಿಂತ ಮೊದಲು ಒಂದು ಮಾತು ಕೇಳಿ: ಇದರಿಂದ ನನ್ನ ಔಷಧಿ ಚೀಟಿಯಲ್ಲಿ ಯಾವ ಗುಳಿಗೆ ಬದಲಾಗುತ್ತದೆ? ತಡವರಿಸಿದರೆ ಎದ್ದು ಬನ್ನಿ. ಡಾಕ್ಟರ ಮುಂದೆ ನೋವನ್ನು ಇದ್ದಷ್ಟೇ ಹೇಳಿ. ಅದು ನಿಮ್ಮಿಂದಾಗದಿದ್ದರೆ ಹೆಂಡತಿಯನ್ನು ಒಳಗೆ ಕಳಿಸಿ, ನೀವು ಹೊರಗಿನ ಬೆಂಚಿನ ಮೇಲೆ ಕುಳಿತಿರಿ.